ಒಳಗಾಲಿನ ಅಳತೆ

ತೊಂಬತ್ತೈದು ರೂಪಾಯಿ ಕೊಟ್ಟೆ. ಹೊಸ ಗಾಡಿಗಲ್ಲ, ಯಾರೋ ನಾಲ್ಕು ವರ್ಷ ತುಳಿದು ಬಿಟ್ಟ ಸೈಕಲ್ಲಿಗೆ. ಹಿಂದಿನ ಮಡ್‌ಗಾರ್ಡಿಗೆ ತೇಪೆ ಹಾಕಿತ್ತು, ಗಂಟೆಯ ಮುಚ್ಚಳ ಹಾರಿಹೋಗಿತ್ತು. ಯುದ್ಧದ ಕಾಲ ಅದು. ಸೀಮೆಯಿಂದ ಹಡಗಿನಲ್ಲಿ ಬರಬೇಕಾದ ಸೈಕಲ್ಲುಗಳು ಬರುವುದು ನಿಂತು, ಇದ್ದ ಹಳೆಯವಕ್ಕೇ ಹೊಸದರ ಬೆಲೆ ಬಂದಿತ್ತು. ಅಷ್ಟೇ ಆಗಿದ್ದರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಆದರೆ ಅದೇ ತಿಂಗಳು ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಇದಕ್ಕಿಂತ ಗಟ್ಟಿಯಾದ, ಇದಕ್ಕಿಂತ ಎರಡು ಇಂಚು ದೊಡ್ಡದಾದ ತಮ್ಮ ಗಾಡಿಯನ್ನು ಎಂಬತ್ತಕ್ಕೆ ಕೊಡುತ್ತೇನೆಂದಿದ್ದರು. ಅದನ್ನು ಬಿಟ್ಟು, ಹದಿನೈದು ರೂಪಾಯಿ ಮೇಲೆ ಸುರಿದು, ಎರಡಿಂಚು ಕಡಿಮೆ ಕಬ್ಬಿಣ ಮನೆಗೆ ತಂದವನು ನಾನು.

ದೇವನಹಳ್ಳಿಯಿಂದ ನಲ್ಲೂರಿನ ಕಡೆಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿಗೆ ಇದು ಬಹಳ ದಿನಕ್ಕೆ ಸಾಕಾಗುವಷ್ಟು ಮಾತಾಯಿತು. “ಬಟ್ಟೆ ಅಂಗಡೀಲಿ ಗೇಣು ಹೆಚ್ಚಿಗೆ ಅಳೆಸ್ಕೊಳ್ದೆ ಮೇಲೇಳೋನಲ್ಲ, ಸೈಕಲ್ ಅಂಗಡೀಲಿ ಟೋಪಿ ಹಾಕಿಸ್ಕೊಂಡು ಬಂದವ್ನೆ” ಎಂದರು. ಟೋಪಿ ಹಾಕಿಸಿಕೊಂಡದ್ದು ನಿಜ, ಹತ್ತು ರೂಪಾಯಿಯಷ್ಟು. ಆ ಪೆದ್ದುತನವನ್ನು ಮುಚ್ಚಿಡುವುದಿಲ್ಲ, ಅದರ ಜಾಗ ಬಂದಾಗ ಹೇಳುತ್ತೇನೆ. ಮಿಕ್ಕ ಐದು ರೂಪಾಯಿಯ ಮಾತಿಗೆ ಬಂದರೆ, ಅದನ್ನು ಇವತ್ತು ಕೇಳಿದರೂ ಕಣ್ಣು ಮುಚ್ಚಿಕೊಂಡು ಕೊಡುತ್ತೇನೆ.

ನನ್ನ ಕಸುಬು ಮೊಟ್ಟೆ ವ್ಯಾಪಾರ. ಮೊದಲ ದಿನ ಹನ್ನೊಂದು ಮೊಟ್ಟೆಯನ್ನು ಟವಲಿನಲ್ಲಿ ಗಂಟು ಕಟ್ಟಿ ದೇವನಹಳ್ಳಿ ಸಂತೆಗೆ ನಡೆದುಕೊಂಡು ಹೋದವನು ನಾನು. ಬೇಸಾಯದ ಮನೆಯ ಮಗ ಮೊಟ್ಟೆ ಹೊರುತ್ತಾನೆ ಎಂದು ಕೆಲವರು ಮೂಗು ಮುರಿದರು. ನಾನು ಅವರ ಹಿತ್ತಿಲಿಗೇ ಹೋಗಿ, ಅವರ ಮನೆಯ ಹೆಂಗಸರಿಂದಲೇ ಮೊಟ್ಟೆ ಕೊಂಡೆ. ಮೂಗುಗಳು ತಾವಾಗಿಯೇ ನೆಟ್ಟಗಾದವು. ಯುದ್ಧ ಬಂದು ಬೆಂಗಳೂರಿನ ದಂಡಿನಲ್ಲಿ ಸೋಲ್ಜರುಗಳು ತುಂಬಿಕೊಂಡಾಗ ಅಲ್ಲಿಯ ಮೆಸ್ಸುಗಳಿಗೆ ಸಾಮಾನು ಒದಗಿಸುವ ಕಂಟ್ರಾಕ್ಟರೊಬ್ಬ ಸಿಕ್ಕಿದ. ವಾರಕ್ಕೆ ಮೂರು ದಿನ, ಹೊತ್ತೇರುವುದರೊಳಗೆ, ಮೊಟ್ಟೆ ಅವನ ಬಾಗಿಲಲ್ಲಿರಬೇಕು. ಬಸ್ಸನ್ನು ನಂಬುವಂತಿರಲಿಲ್ಲ. ಪೆಟ್ರೋಲಿಲ್ಲದೆ ಇದ್ದಿಲ ಉರಿಯಲ್ಲಿ ಓಡುತ್ತಿದ್ದ ಬಸ್ಸುಗಳವು. ದಿಣ್ಣೆ ಬಂತೆಂದರೆ ನಾವೇ ಇಳಿದು ತಳ್ಳಬೇಕು, ತಳ್ಳುವವನ ಕಂಕುಳಲ್ಲಿ ಮೊಟ್ಟೆ ತುಂಬಿದ ಬಿದಿರಿನ ಮಂಕರಿ ಇದ್ದರೆ ಏನು ಗತಿ? ಸೈಕಲ್ಲಿಲ್ಲದೆ ಈ ವ್ಯಾಪಾರ ನಡೆಯುವುದಿಲ್ಲ ಎಂದು ಗೊತ್ತಾಯಿತು.

ಆಗ ನಮ್ಮ ಕಡೆ ಸೈಕಲ್ಲುಗಳಲ್ಲಿ ಎರಡು ಬಗೆ: ಇಪ್ಪತ್ನಾಲ್ಕರದು, ಇಪ್ಪತ್ತೆರಡರದು. ಪೆಡ್ಲಿನ ಅಚ್ಚಿನಿಂದ ಸೀಟಿನ ಕೊಳವೆಯ ಬಾಯಿಯವರೆಗೆ ಫ್ರೇಮು ಎಷ್ಟು ಇಂಚು ಎನ್ನುವುದೇ ಆ ಲೆಕ್ಕ. ಆದರೆ ಜನರ ಬಾಯಲ್ಲಿ ಅದು ಅಳತೆಯಾಗಿ ಉಳಿದಿರಲಿಲ್ಲ, ಮರ್ಯಾದೆಯಾಗಿತ್ತು. ಗಂಡಸಿಗೆ ಇಪ್ಪತ್ನಾಲ್ಕು. ಇಪ್ಪತ್ತೆರಡೆಂದರೆ ಹೈಸ್ಕೂಲಿನ ಹುಡುಗರಿಗೆ, ಕುಳ್ಳರಿಗೆ. ಎರಡಕ್ಕೂ ಬೆಲೆ ಹೆಚ್ಚು ಕಡಿಮೆ ಒಂದೇ ಇದ್ದುದರಿಂದ, ಅಷ್ಟೇ ದುಡ್ಡಿಗೆ ಎರಡಿಂಚು ಹೆಚ್ಚು ಕಬ್ಬಿಣ ಬಿಡುವವನು ಮೂರ್ಖ ಎಂಬ ಇನ್ನೊಂದು ವಾದವೂ ಇತ್ತು. ನಾನಂತೂ ಕುಳ್ಳನಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ನನ್ನ ತಲೆ ಎಲ್ಲರಿಗಿಂತ ಮೇಲೆ ಕಾಣುತ್ತಿತ್ತು. ಆದ್ದರಿಂದ ಭಾವನ ಇಪ್ಪತ್ನಾಲ್ಕರ ಗಾಡಿ ನನಗೆಂದೇ ಮಾಡಿದ್ದು ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡೆ.

“ಎರಡು ವಾರ ತುಳಿದು ನೋಡು ಬಾಮೈದ, ಒಪ್ಪಿದ್ರೆ ಆಮೇಲೆ ದುಡ್ಡು ಕೊಡೀವಂತೆ” ಎಂದು ಭಾವ ಗಾಡಿಯನ್ನು ಜಗಲಿಗೆ ಒರಗಿಸಿ ಹೋದರು.

ಬರಿಗಾಡಿ ಚೆನ್ನಾಗಿಯೇ ಓಡಿತು. ಇಳಿಯುವಾಗ ನಮ್ಮ ಕಡೆಯವರೆಲ್ಲ ಮಾಡುವ ಹಾಗೆ ಬಲಗಾಲನ್ನು ಹಿಂದಿನಿಂದ ಸುತ್ತಿ ತಂದು ಕೆಳಕ್ಕೆ ಹಾರುತ್ತಿದ್ದೆ. ತೊಂದರೆ ಶುರುವಾದದ್ದು ಕ್ಯಾರಿಯರ್ ಮೇಲೆ ಮಂಕರಿ ಕಟ್ಟಿದ ದಿನ. ರಾಗಿಹುಲ್ಲು ಹಾಸಿ ಮೊಟ್ಟೆ ಜೋಡಿಸಿದ ಮಂಕರಿ ನನ್ನ ಬೆನ್ನಿನ ಅರ್ಧದವರೆಗೆ ಬರುತ್ತಿತ್ತು. ಹಿಂದಿನಿಂದ ಕಾಲು ಸುತ್ತುವ ಹಾಗಿಲ್ಲ. ಸೀಟು ಬಿಟ್ಟು ಮುಂದಕ್ಕೆ ಜಾರಿ, ಸೀಟಿನಿಂದ ಹ್ಯಾಂಡಲಿಗೆ ಹೋಗುವ ನಡುವಿನ ಬಾರನ್ನು ಎರಡು ಕಾಲಿನ ಮಧ್ಯೆ ಇಟ್ಟುಕೊಂಡು ನಿಲ್ಲಬೇಕು. ನಿಲ್ಲಲು ಹೋದರೆ ಬಾರು ತಾಗಬಾರದ ಜಾಗಕ್ಕೆ ತಾಗುತ್ತದೆ, ನೆಲ ಕಾಲಿಗೆ ಸಿಗುವುದಿಲ್ಲ. ಗಾಡಿಯನ್ನು ಒಂದು ಪಕ್ಕಕ್ಕೆ ಓರೆ ಮಾಡಿದರೆ ಮಾತ್ರ ಹೆಬ್ಬೆರಳು ಮಣ್ಣು ಮುಟ್ಟುತ್ತದೆ. ಓರೆಯಾದ ಗಾಡಿಯ ಮೇಲೆ ಅಷ್ಟು ಭಾರದ ಮಂಕರಿ ಸುಮ್ಮನೆ ಕೂರುತ್ತದೆಯೇ?

ಆಗ ದಾರಿಯಲ್ಲಿ ಒಂದು ವಿಷಯ ಗಮನಿಸಿದೆ, ನೀವೂ ಗಮನಿಸಿರಬಹುದು. ಇಪ್ಪತ್ನಾಲ್ಕರ ಗಾಡಿಯವರು ಹೊರೆ ಹಾಕಿಕೊಂಡಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಮೈಲಿಗಲ್ಲಿನ ಪಕ್ಕ ನಿಲ್ಲುತ್ತಾರೆ, ಸೇತುವೆಯ ಕಟ್ಟೆಯ ಪಕ್ಕ ನಿಲ್ಲುತ್ತಾರೆ, ಯಾರದೋ ಜಗಲಿಯ ಪಕ್ಕ ನಿಲ್ಲುತ್ತಾರೆ. ಒಂದು ಕಾಲನ್ನು ಕಲ್ಲಿನ ಮೇಲೆ ಊರಿ, ರಾಜಗಾಂಭೀರ್ಯದಿಂದ ಬೀಡಿ ಹಚ್ಚುತ್ತಾರೆ. ನೋಡುವವರಿಗೆ ಅದು ಠೀವಿಯಾಗಿ ಕಾಣುತ್ತದೆ. ಆ ಮನುಷ್ಯ ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನ ಮಾಡಿದ್ದು ಕಲ್ಲು, ಅವನಲ್ಲ.

ಎರಡನೇ ವಾರ ಯಲಹಂಕದ ಹತ್ತಿರ ಎತ್ತಿನಗಾಡಿಯೊಂದು ಇದ್ದಕ್ಕಿದ್ದಂತೆ ಅಡ್ಡ ತಿರುಗಿತು. ಬ್ರೇಕು ಹಿಡಿದೆ, ಗಾಡಿ ನಿಂತಿತು, ನಾನು ನಿಲ್ಲಲಿಲ್ಲ. ಅರವತ್ತು ಮೊಟ್ಟೆ ರಸ್ತೆಯ ಧೂಳಿಗೆ ಕಲಸಿಹೋದವು. ಕಂಟ್ರಾಕ್ಟರು ಮಂಕರಿಯೊಳಗೆ ಕೈ ಹಾಕಿ, ಅಂಟಂಟಾದ ಬೆರಳನ್ನು ನನ್ನ ಮುಂದೆ ಹಿಡಿದ. “ಇದೊಂದು ಸಲ ಬಿಟ್ಟೆ. ಇನ್ನೊಂದ್ಸಲ ಹಿಂಗೆ ತಂದ್ರೆ ಆಮೇಲೆ ಬರ್ಲೇಬೇಡಪ್ಪಾ. ಹೊಸಕೋಟೆ ಕಡೆಯೋರು ದಿನಾ ಬಂದು ಕೇಳ್ತಾವ್ರೆ.” ಹನ್ನೊಂದು ಮೊಟ್ಟೆಯಿಂದ ಕಟ್ಟಿಕೊಂಡು ಬಂದ ಬದುಕು ಅವನ ಆ ಬೆರಳಿನ ತುದಿಯಲ್ಲಿ ನೇತಾಡುತ್ತಿತ್ತು.

ಭಾವನಿಗೆ ಹೇಳಿದೆ. ಅವರು ನಕ್ಕು, ಸೀಟು ತಳಕ್ಕೆ ಇಳಿಸಿಕೊಟ್ಟರು. ಸಾಲದೆಂದು ಬಡಗಿಯ ಹತ್ತಿರ ಎರಡು ಮರದ ತುಂಡು ಕೆತ್ತಿಸಿ, ಪೆಡ್ಲುಗಳಿಗೆ ಕಟ್ಟಿಸಿದರು. “ನೋಡು, ಈಗ ಕಾಲು ಹೆಂಗೆ ಎಟುಕ್ತದೆ!” ಎಟುಕುತ್ತಿತ್ತು, ಪೆಡ್ಲು. ನೆಲ ಅಲ್ಲ. ಸೀಟು ಇಳಿಸಿದರೆ ಬಾರು ಇಳಿಯುತ್ತದೆಯೇ? ಊರಿನಲ್ಲಿ ಯಾರನ್ನು ಕೇಳಿದರೂ ಓಡಿಸುವ ಕಷ್ಟಕ್ಕೇ ಮದ್ದು ಹೇಳುತ್ತಿದ್ದರು. ನನಗಿದ್ದದ್ದು ನಿಲ್ಲಿಸುವ ಕಷ್ಟ.

ಆದರೆ ಇಷ್ಟು ಎತ್ತರದ ನನಗೆ ಈ ಗಾಡಿ ಯಾಕೆ ಒಗ್ಗುತ್ತಿಲ್ಲ ಎಂಬುದು ಬಗೆಹರಿಯಲಿಲ್ಲ. ಅದನ್ನು ಬಗೆಹರಿಸಿದವರು ದೇವನಹಳ್ಳಿಯ ಪೇಟೆಯಲ್ಲಿ ಷರಾಯಿ, ಪೈಜಾಮ ಹೊಲಿಯುತ್ತಿದ್ದ ಒಬ್ಬ ಸಾಬರು. ಅವರ ಮನೆಯಿಂದಲೂ ನಾನು ಮೊಟ್ಟೆ ಕೊಳ್ಳುತ್ತಿದ್ದೆ. ಒಂದು ದಿನ ಮೊಟ್ಟೆ ಎಣಿಸಿಕೊಳ್ಳುತ್ತಾ, ಅವರು ಗಿರಾಕಿಯೊಬ್ಬನ ಕಾಲಿನ ಒಳಮಗ್ಗುಲಿಗೆ ಟೇಪು ಹಿಡಿದದ್ದನ್ನು ನೋಡಿದೆ. ತಲೆಯೊಳಗೆ ಏನೋ ಟಕ್ಕೆಂದಿತು.

“ಸಾಬ್ರೆ, ನನಗೂ ಹಿಂಗೇ ಒಳಗಾಲು ಅಳೀರಿ.”

“ಅರೆರೆ! ಅಣ್ಣೋರು ಷರಾಯಿ ಹೊಲಿಸ್ತಾರೆ!” ಅವರು ಸೂಜಿಯನ್ನು ಹಲ್ಲಿನಿಂದ ತೆಗೆದು ನಕ್ಕರು. “ಯಾವ ಬಟ್ಟೇಲಿ?”

“ಬಟ್ಟೆ ಬೇಡ, ಅಳತೆ ಸಾಕು. ಸೈಕಲ್ಲಿಗೆ.”

“ಸೈಕಲ್ಗೆ ಷರಾಯಿ ಹಾಕ್ತೀರಾ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗಲಿ ಎಂದು ಚಪ್ಪಲಿ ಹಾಕಿಕೊಂಡೇ ಗೋಡೆಗೆ ಬೆನ್ನು ಕೊಟ್ಟು ನಿಂತು, ಪಂಚೆಯನ್ನು ಬಿಗಿಯಾಗಿ ಕಚ್ಚೆ ಹಾಕಿಕೊಂಡೆ. ಅವರು ಮರದ ಸ್ಕೇಲನ್ನು ಕಾಲುಗಳ ನಡುವೆ ಮಟ್ಟಸವಾಗಿ ಹಿಡಿದು ಮೇಲಕ್ಕೊತ್ತಿ, ಅಲ್ಲಿಂದ ನೆಲಕ್ಕೆ ಟೇಪು ಬಿಟ್ಟರು. “ಮೂವತ್ತೆರಡು. ನಿಮ್ದು ಮೈ ಉದ್ದ ಅಣ್ಣಾ, ಕಾಲಲ್ಲ. ಪಂಚೆ ಉಡೋರಿಗೆ ಕಾಲು ಎಲ್ಲಿಂದ ಶುರು ಅಂತ ಅವರಿಗೇ ಗೊತ್ತಿರಲ್ಲ. ಸೊಂಟದಿಂದ ಅಂದ್ಕೊಂಡಿರ್ತಾರೆ.”

ನನಗೆ ಮೂವತ್ತು ದಾಟಿತ್ತು. ಹುಟ್ಟಿದಾಗಿನಿಂದ ಈ ಕಾಲುಗಳ ಮೇಲೇ ನಿಂತಿದ್ದೆ, ಅವು ಎಷ್ಟು ಉದ್ದ ಎಂದು ತಿಳಿದದ್ದು ಅವತ್ತು. ನಮ್ಮೂರಿನಲ್ಲಿ ಷರಾಯಿ ಹೊಲಿಸಿದವರೇ ಇರಲಿಲ್ಲ, ಅಂದಮೇಲೆ ತನ್ನ ಕಾಲಿನ ಅಳತೆ ಗೊತ್ತಿದ್ದವನೂ ಒಬ್ಬನೂ ಇರಲಿಲ್ಲ. ಸೈಕಲ್ಲನ್ನು ಎಲ್ಲರೂ ತಲೆಯ ಎತ್ತರ ನೋಡಿ ಕೊಳ್ಳುತ್ತಿದ್ದರು. ತಲೆಯಿಂದ ಯಾರು ಸೈಕಲ್ಲು ನಿಲ್ಲಿಸುತ್ತಾರೆ?

ಸಾಬರು ಬಟ್ಟೆಯ ಅಂಚಿನಿಂದ ಸರಿಯಾಗಿ ಮೂವತ್ತೆರಡು ಇಂಚಿನ ಒಂದು ಪಟ್ಟಿ ಕತ್ತರಿಸಿ ಕೊಟ್ಟರು. ಮನೆಗೆ ಬಂದು ಭಾವನ ಗಾಡಿಯ ಬಾರಿನಿಂದ ಅದನ್ನು ಇಳಿಬಿಟ್ಟೆ. ಪಟ್ಟಿಯ ತುದಿ ನೆಲ ಮುಟ್ಟದೆ ಗಾಳಿಯಲ್ಲಿ ನಿಂತಿತು. ಒಂದೂವರೆ ಇಂಚು. ಆ ಒಂದೂವರೆ ಇಂಚಿಗೇ ಅರವತ್ತು ಮೊಟ್ಟೆ ಹೋದದ್ದು.

ಮರುದಿನ ಗಾಡಿಯನ್ನು ಭಾವನ ಮನೆಗೆ ವಾಪಸು ಬಿಟ್ಟು, ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆ. ಅಲ್ಲಿ ಹಳೆಯ ಸೈಕಲ್ಲು ಮಾರುವ ಅಂಗಡಿಯಲ್ಲಿ ಮೂಲೆಗೆ ಬಿದ್ದ ಇಪ್ಪತ್ತೆರಡರ ಗಾಡಿಯೊಂದಿತ್ತು. ಬೇಡದ ಮುಖ ಮಾಡಿಕೊಂಡು ಕೇಳಿದೆ. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಅದು ನಿಮಗಲ್ಲ ಗುರುವೇ. ನಿಮ್ಮಂಥ ಆಳಿಗೆ ಅದ್ರ ಮೇಲೆ ಕೂತ್ರೆ ಮಂಡಿ ಬಂದು ಗಡ್ಡಕ್ಕೆ ಹೊಡೀತದೆ.”

“ನಮ್ಮನೇಲಿ ಒಬ್ರಿಗೆ. ಏನ್ ಹೇಳ್ತೀರಾ?”

“ಯಾರೂ ಕೇಳೋರಿಲ್ಲ ಅದ್ನ. ಎಂಬತ್ತೈದು ಕೊಟ್ಟು ಹೊಡ್ಕೊಂಡೋಗಿ.”

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಪ್ಪತ್ತೆಂಟಕ್ಕೆ ತರುತ್ತಿದ್ದೆ, ಅನುಮಾನವೇ ಇಲ್ಲ. ಆದರೆ ಅವನು ಒಳಗಿನಿಂದ ಫಳಫಳ ಹೊಳೆಯುವ ಇನ್ನೊಂದು ಗಾಡಿ ತಂದು, “ಇದೂ ಇಪ್ಪತ್ತೆರಡೇ, ತೊಂಬತ್ತು” ಎಂದ. ಟೇಪು ಹಿಡಿದು ತೋರಿಸಿದ ಕೂಡ. ಟೇಪಿನ ತುದಿಯನ್ನು ಪೆಡ್ಲಿನ ಅಚ್ಚಿನ ಮೇಲಿಡದೆ, ಎರಡು ಬೆರಳು ಮೇಲೆ ಒತ್ತಿ ಹಿಡಿದಿದ್ದ. ಮೋಸ ಕಣ್ಣಿಗೆ ಬಿತ್ತು, ನನ್ನ ವ್ಯಾಪಾರಿಯ ಹಟ ಕೆರಳಿತು. ಸೊಂಟದಿಂದ ಪಟ್ಟಿ ಎಳೆದು ಅದರ ಬಾರಿನಿಂದ ಇಳಿಬಿಟ್ಟೆ. ತುದಿ ಗಾಳಿಯಲ್ಲಿ ನಿಂತಿತು.

“ಇದೇನ್ ಗುರು, ದಾರ ಕಟ್ಟೋ ಶಾಸ್ತ್ರ?”

“ಇದು ಇಪ್ಪತ್ನಾಲ್ಕು ಅಂತ ಹೇಳೋ ಶಾಸ್ತ್ರ” ಎಂದು, ಅದೇ ಉರಿಯಲ್ಲಿ ಮೂಲೆಯ ಹಳೇ ಗಾಡಿಗೂ ಪಟ್ಟಿ ಬಿಟ್ಟೆ. ತುದಿ ನೆಲ ಮುಟ್ಟಿ ಅರ್ಧ ಇಂಚು ಮಡಚಿಕೊಂಡಿತು. ನನ್ನ ಮುಖ ಅರಳಿರಬೇಕು. ಅವನು ಗಾಡಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದ.

“ನೂರು ರೂಪಾಯಿ.”

“ಈಗ್ತಾನೆ ಎಂಬತ್ತೈದು ಅಂದ್ರಿ!”

“ಅದು ಯಾರಿಗೂ ಬೇಡದಿದ್ದಾಗ. ಈಗ ನಿಮಗೆ ಬೇಕಲ್ಲ.”

ಎದ್ದು ಹೋಗುವ ಹಾಗೆ ಮಾಡಿದೆ, ಬಾಗಿಲವರೆಗೂ ಹೋದೆ. ಅವನು ಕರೆಯಲಿಲ್ಲ. ಹಿಂತಿರುಗಿ ಬಂದು ತೊಂಬತ್ತೈದಕ್ಕೆ ಮುಗಿಸಿದೆ. ಆ ಹತ್ತು ರೂಪಾಯಿ ಅವನ ಜಾಣತನಕ್ಕೆ ನಾನು ಕೊಟ್ಟ ಮರ್ಯಾದೆ.

ಸಂಜೆ ಅಕ್ಕನ ಮನೆಯ ಮುಂದೆ ಗಾಡಿಯಿಂದ ಇಳಿದಾಗ ಭಾವ ಜಗಲಿಯ ಮೇಲಿದ್ದರು. ಸುತ್ತ ಒಂದು ಸುತ್ತು ಬಂದರು. “ಒಂಟೆ ಬಂದು ಕುರಿ ಮೇಲೆ ಕೂತಂಗಾಯ್ತಲ್ಲೋ! ಮನೆಯೋರು ಕೊಟ್ಟ ಗಂಡಸಿನ ಗಾಡಿ ಬೇಡವಾಯ್ತು, ದುಡ್ಡು ಹೆಚ್ಚಿಗೆ ಕೊಟ್ಟು ಹುಡುಗರ ಗಾಡಿ ತಂದೆ. ನನ್ನ ಮಾನ ಕಳೆದುಬಿಟ್ಟೆ ಕಣಯ್ಯಾ.”

“ನಿಮ್ಮ ಮಾನ ಎರಡಿಂಚಿನ ಮೇಲೆ ನಿಂತಿದ್ರೆ ನಾನೇನ್ ಮಾಡ್ಲಿ ಭಾವ? ನನ್ನ ವ್ಯಾಪಾರ ನೆಲದ ಮೇಲೆ ನಿಲ್ಲಬೇಕು.”

ಮಾತು ಬೆಳೆಯಿತು. ಒಳಗಿನಿಂದ ಅಕ್ಕ ಮುದ್ದೆ ಕಟ್ಟುತ್ತಲೇ ಕೂಗಿದಳು: “ನಿಮ್ಮಿಬ್ಬರ ಕಾಲೂ ಎಷ್ಟುದ್ದ ಅಂತ ನಂಗೊತ್ತು. ಬಂದು ಉಣ್ಣಿ.”

ಹದಿನೈದು ದಿನ ಕಳೆಯಿತೋ ಇಲ್ಲವೋ, ಕಂಟ್ರಾಕ್ಟರು ಒಂದು ದಿನಕ್ಕೆ ಎರಡರಷ್ಟು ಮೊಟ್ಟೆ ಬೇಕೆಂದ. ಯಾವುದೋ ದೊಡ್ಡ ಊಟವಂತೆ. “ಒಡೆದ ಮೊಟ್ಟೆ ಕಂಡ್ರೆ ಅವತ್ತಿಗೆ ನಿನ್ನ ಋಣ ತೀರ್ತು” ಎಂದು ಇನ್ನೊಮ್ಮೆ ಹೇಳಿದ. ಎರಡು ಮಂಕರಿ ನನ್ನ ಗಾಡಿಯಲ್ಲಿ ಹೋಗುವಂತಿರಲಿಲ್ಲ. ಇದು ಕಿವಿಗೆ ಬಿದ್ದದ್ದೇ ಭಾವ ತಾವಾಗಿಯೇ ಬಂದರು. “ಒಂದು ಮಂಕರಿ ನನ್ನ ಗಾಡಿಗೆ ಕಟ್ಟು. ಯಾರ ಮೊಟ್ಟೆ ಒಡೀತವೆ ನೋಡೇಬಿಡೋಣ.” ಒಂದು ಮಂಕರಿಯನ್ನು ಅವರ ಗಾಡಿಗೇ ಕಟ್ಟಿದೆ. ಕರೆಯದೆ ಬಂದ ಭಾವನನ್ನು ಬೇಡವೆಂದರೆ ಅಕ್ಕನ ಮನೆಯ ಬಾಗಿಲು ಇನ್ನೊಮ್ಮೆ ಮೆಟ್ಟುವಂತಿರಲಿಲ್ಲ.

ಕೋಳಿ ಕೂಗುವಾಗ ಹೊರಟೆವು. ದಾರಿಯುದ್ದಕ್ಕೂ ಭಾವ ಮುಂದೆ, ನಾನು ಹಿಂದೆ. ಎರಡು ಸಲ ನಿಂತರು, ಎರಡು ಸಲವೂ ಮೈಲಿಗಲ್ಲಿನ ಪಕ್ಕದಲ್ಲೇ, ಕಾಲೂರಿ, ಮೀಸೆಯ ಮೇಲೆ ಕೈ. “ಎಲ್ಲೋ ನಿನ್ನ ಕುರಿ? ಹಿಂದೆ ಬಿತ್ತಾ?”

ಯಲಹಂಕ ದಾಟಿದ ಮೇಲೆ ಎದುರಿನಿಂದ ಮಿಲಿಟರಿ ಲಾರಿಗಳ ಸಾಲು ಬಂತು. ಮುಂದೆ ಮೋಟಾರು ಬೈಕಿನಲ್ಲಿ ಬಂದ ಸೋಲ್ಜರು ಸೀಟಿ ಊದಿ, ರಸ್ತೆ ಬಿಡಿ ಎಂದು ಕೈ ಬೀಸಿದ. ಬಲಕ್ಕೆ ಲಾರಿ, ಎಡಕ್ಕೆ ಚರಂಡಿ. ನಾನು ಬ್ರೇಕು ಹಿಡಿದು ಮುಂದಕ್ಕೆ ಜಾರಿದೆ. ಎರಡು ಪಾದವೂ ಪೂರ್ತಿಯಾಗಿ ನೆಲದ ಮೇಲೆ. ಬಾರು ನನ್ನ ಕಾಲುಗಳ ನಡುವೆ, ಏನನ್ನೂ ತಾಗದೆ. ಬೆನ್ನ ಹಿಂದೆ ಮಂಕರಿ ಕದಲಲಿಲ್ಲ.

ಭಾವ ಮುಂದೆ ಕಲ್ಲು ಹುಡುಕುತ್ತಿದ್ದರು. ಇತ್ತು ಒಂದು, ಸುಮಾರು ನೂರು ಗಜದಾಚೆ. ಅದರ ಕಡೆಗೆ ತುಳಿದರು. ಸೋಲ್ಜರು ಮತ್ತೆ ಸೀಟಿ ಊದಿದ. ಗಾಬರಿಯಲ್ಲಿ ಬ್ರೇಕು ಹಿಡಿದು, ವರ್ಷಗಟ್ಟಲೆಯ ಅಭ್ಯಾಸದಂತೆ ಬಲಗಾಲನ್ನು ಹಿಂದಿನಿಂದ ಸುತ್ತಿದರು. ಕಾಲು ಮಂಕರಿಗೆ ಬಡಿಯಿತು. ಪಂಚೆ ಸೀಟಿನ ಸ್ಪ್ರಿಂಗಿಗೆ ಸಿಕ್ಕಿಕೊಂಡಿತು. ಭಾವ, ಗಾಡಿ, ಮಂಕರಿ ಒಟ್ಟಿಗೆ ಚರಂಡಿಗೆ.

ಲಾರಿಗಳೆಲ್ಲ ಹೋಗುವವರೆಗೂ ನಾನು ನಿಂತ ಜಾಗದಲ್ಲೇ ನಿಂತಿದ್ದೆ. ಅಲ್ಲಿ ಕಲ್ಲಿರಲಿಲ್ಲ, ಕಟ್ಟೆಯಿರಲಿಲ್ಲ. ನಾನು ನಿಲ್ಲಬೇಕೆಂದ ಕಡೆ ನಿಂತಿದ್ದೆ, ಅಷ್ಟೇ. ಆಮೇಲೆ ನನ್ನ ಗಾಡಿಯನ್ನು ಮರಕ್ಕೆ ಒರಗಿಸಿ, ಹೋಗಿ ಕೈ ಕೊಟ್ಟೆ. ಭಾವನಿಗೆ ಮೊಣಕೈ ತರಚಿತ್ತು, ಹೆಚ್ಚೇನಿಲ್ಲ. ಮಂಕರಿಯಲ್ಲಿ ಮುಕ್ಕಾಲು ಪಾಲು ಒಡೆದಿದ್ದವು. ಪಂಚೆಯ ಮೇಲೆ ಹಳದಿ ಇಳಿಯುತ್ತಿತ್ತು.

“ಗಾಡಿ ತಪ್ಪಲ್ಲ ಕಣೋ. ಲಾರೀದು ತಪ್ಪು.”

“ಹೌದು ಭಾವ. ಕಲ್ಲಿನದೂ ತಪ್ಪು. ಇನ್ನೂರಡಿ ಹಿಂದೆ ನೆಡಬೇಕಿತ್ತು.”

ಒಡೆಯದೆ ಉಳಿದವನ್ನು ಒರೆಸಿ ಭಾವನ ಕೈಗೇ ಕೊಟ್ಟು ಮನೆಗೆ ಕಳಿಸಿದೆ. ನನ್ನ ಮಂಕರಿಯೊಂದನ್ನೇ ಕಂಟ್ರಾಕ್ಟರನ ಮುಂದಿಟ್ಟು ನಡೆದದ್ದನ್ನು ನಡೆದಂತೆ ಹೇಳಿದೆ. “ಅರ್ಧ ಮಾತ್ರ ತಂದಿದ್ದೀನಿ, ಅದು ನನ್ನ ತಪ್ಪೇ. ಆದ್ರೆ ಇದು ನನ್ನ ಗಾಡೀಲಿ ಬಂದದ್ದು. ಇದ್ರಲ್ಲಿ ಒಂದು ಒಡೆದಿದ್ರೂ ನಾಳೆಯಿಂದ ಬರಲ್ಲ.” ಅವನು ಹುಲ್ಲು ಕೆದಕಿ ತಳದವರೆಗೆ ನೋಡಿದ. ಬೆರಳು ಒಣಗಿಯೇ ಹೊರಗೆ ಬಂತು. ಹೊರಗೆ ನಿಂತಿದ್ದ ಗಾಡಿಯ ಕಡೆ ಒಮ್ಮೆ ಕತ್ತು ಚಾಚಿ ನೋಡಿ, “ಆ ಇನ್ನೊಂದ್ ಗಾಡೀನ ಮತ್ತೆ ತರಬೇಡ” ಎಂದ. ಯುದ್ಧ ಮುಗಿಯುವವರೆಗೂ ಆ ಬಾಗಿಲು ನನ್ನದೇ ಆಗಿತ್ತು.

ಭಾವ ಸೋತೆನೆಂದು ಒಂದು ದಿನವೂ ಹೇಳಲಿಲ್ಲ, ಆ ಗಾಡಿಯನ್ನೂ ಬಿಡಲಿಲ್ಲ. ಆದರೆ ಮುಂದೊಂದು ದಿನ ಮೊಟ್ಟೆ ತರಲು ಹೋದಾಗ ದರ್ಜಿ ಸಾಬರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: “ನಿಮ್ಮ ಭಾವ ಬಂದಿದ್ರು. ಒಳಗಾಲು ಅಳತೆ ತೆಗೆಸ್ಕೊಂಡು ಹೋದ್ರು. ಅವರ ಗಾಡಿ ಬಾರಿಗೆ ಅವರ್ದೂ ಅರ್ಧ ಇಂಚು ಕಮ್ಮಿ. ನಿಮಗೆ ಹೇಳ್ಬೇಡ ಅಂದವ್ರೆ.”

ಈಗ ನಿಮಗೊಂದು ಬುದ್ಧಿಮಾತು. ಸೈಕಲ್ಲು ಕೊಳ್ಳುವ ಮುಂಚೆ ಷರಾಯಿ ಹೊಲಿಯುವವರ ಹತ್ತಿರ ಹೋಗಿ ಒಳಗಾಲು ಅಳೆಸಿಕೊಳ್ಳಿ, ಚಪ್ಪಲಿ ಹಾಕಿಕೊಂಡೇ. ನಕ್ಕರೆ ನಗಲಿ, ಬೀಳುವಾಗ ಅವರು ಬಂದು ಹಿಡಿಯುವುದಿಲ್ಲ. ಬಾರಿನಿಂದ ಇಳಿಬಿಟ್ಟ ಪಟ್ಟಿ ನೆಲ ಮುಟ್ಟಿ ಅರ್ಧ ಇಂಚಾದರೂ ಮಿಗಬೇಕು, ಹೊರೆ ಹಾಕುವವರಾದರೆ ಒಂದಿಂಚು ಮಿಕ್ಕರೆ ಇನ್ನೂ ಒಳ್ಳೆಯದು. ಸೀಟು ಎತ್ತರವೇ ತಗ್ಗೇ ಎಂದು ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಏರಿಸಬಹುದು, ಇಳಿಸಬಹುದು. ಬಾರನ್ನು ಯಾವ ಬಡಗಿಯೂ ಇಳಿಸಲಾರ. ಅಂಗಡಿಯವನು ಟೇಪು ಹಿಡಿದರೆ ಅವನ ಬಾಯಿ ನೋಡಬೇಡಿ, ಟೇಪಿನ ಕೆಳತುದಿಯ ಮೇಲಿರುವ ಬೆರಳು ನೋಡಿ. ಮನೆಯವರು, ನೆಂಟರು ಕಡಿಮೆಗೆ ಕೊಡುತ್ತೇವೆಂದರೂ ಅಳತೆ ಬಿಟ್ಟು ಕೊಳ್ಳಬೇಡಿ. ಆಮೇಲೆ ಬಾಯಿಗೆ ಬಂದದ್ದು ಅನ್ನಿಸಿಕೊಳ್ಳಿ, ಅದರಿಂದ ಮೊಟ್ಟೆ ಒಡೆಯುವುದಿಲ್ಲ. ಇನ್ನೊಂದು ಮಾತು, ಇದು ನನಗೆ ಹತ್ತು ರೂಪಾಯಿಗೆ ಬಂದದ್ದು, ನಿಮಗೆ ಪುಕ್ಕಟೆ ಕೊಡುತ್ತಿದ್ದೇನೆ: ಅಂಗಡಿಯವನು ಒಳಗೆ ಚಹ ತರಲು ಹೋದಾಗ ಪಟ್ಟಿ ಬಿಟ್ಟು ನೋಡಿ, ಅವನು ಬರುವುದರೊಳಗೆ ಸೊಂಟಕ್ಕೆ ಸಿಕ್ಕಿಸಿ, ಮುಖವನ್ನು ಮೊದಲಿದ್ದ ಹಾಗೇ ಇಟ್ಟುಕೊಳ್ಳಿ.